ಜರ್ಮನಿಯ ಅಂಗಡಿಯಲ್ಲಿ ನಮ್ಮ ಅಡುಗೆ ಸಾಮಾನು ಹುಡುಕೋದು ಹೇಗೆ

ಸೂಟ್‌ಕೇಸಿನಲ್ಲಿ ಐದು ಕಿಲೋ ಸೋನಾ ಮಸೂರಿ ಇಟ್ಟಿದ್ದರೆ ಮೊದಲು ಅದನ್ನು ಹೊರಗೆ ತೆಗೆಯಿರಿ. ನಾನು ಮ್ಯೂನಿಕ್‌ಗೆ ಓದಲು ಬಂದಾಗ 23 ಕಿಲೋ ಲಗೇಜಿನಲ್ಲಿ ಹೆಚ್ಚುಕಡಿಮೆ ಅರ್ಧ ಅಕ್ಕಿ, ಬೇಳೆ, ಅವಲಕ್ಕಿಯೇ ಇತ್ತು, ಚಳಿಗೆ ಒಂದು ದಪ್ಪ ಜಾಕೆಟ್ ಮಾತ್ರ ಇರಲಿಲ್ಲ. ಅಕ್ಕಿ ಆರು ವಾರಕ್ಕೆ ಮುಗಿಯಿತು. ಆಮೇಲೆ ಒಂದು ತಿಂಗಳು ಬ್ರೆಡ್ಡು, ನೂಡಲ್ಸ್, ಬಾಳೆಹಣ್ಣು. ನಮ್ಮ ಅಡುಗೆಯ ಮುಕ್ಕಾಲು ಪಾಲು ಸಾಮಾನು ಎರಡು ನಿಮಿಷದ ದಾರಿಯ ಸೂಪರ್ ಮಾರ್ಕೆಟ್ಟಿನಲ್ಲೇ ಬೇರೆ ಹೆಸರು ಹೊತ್ತು ಕೂತಿದೆ ಅಂತ ಆಗ ಗೊತ್ತಿರಲಿಲ್ಲ. ಹಾಗಾಗಿ ಇದರಲ್ಲಿ ಜಾಸ್ತಿ ಬರೆದಿರುವುದು ಆ ಹೆಸರುಗಳ ಬಗ್ಗೆಯೇ.

ಲಗೇಜು

ತರಬೇಕಾದ್ದು ಮನೆಯಲ್ಲಿ ಮಾಡಿದ ಪುಡಿಗಳು. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ವಾಂಗಿಭಾತ್ ಪುಡಿ. ಇವು ಇಲ್ಲಿ ಪ್ಯಾಕೆಟ್ಟಿನಲ್ಲಿ ಸಿಕ್ಕರೂ ನಿಮ್ಮ ಮನೆಯ ರುಚಿ ಸಿಗಲ್ಲ. ಒಂದೊಂದು ಪುಡಿಯನ್ನೂ ಎರಡು ಕವರಿನಲ್ಲಿ ಕಟ್ಟಿ, ಮೇಲೆ ಹೆಸರು ಬರೆದಿಡಿ. ಮೂರು ತಿಂಗಳಾದ ಮೇಲೆ ಎಲ್ಲವೂ ಒಂದೇ ಕೆಂಪು ಬಣ್ಣಕ್ಕೆ ಬಂದಿರುತ್ತವೆ, ನಾನು ಒಮ್ಮೆ ವಾಂಗಿಭಾತ್ ಪುಡಿ ಹಾಕಿ ಸಾರು ಕುದಿಸಿದ್ದೇನೆ.

ತರಬಾರದ್ದು ಕೆಲವಿದೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥ ತರುವ ಹಾಗಿಲ್ಲ, ಅಂದರೆ ಅಮ್ಮ ಕಾಯಿಸಿಕೊಟ್ಟ ತುಪ್ಪಕ್ಕೂ ಅವಕಾಶವಿಲ್ಲ. 2019ರ ಡಿಸೆಂಬರ್‌ನಿಂದ ಹಸಿ ತರಕಾರಿ, ಹಣ್ಣು, ಎಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇದರಿಂದ ಬಿಟ್ಟಿರುವುದು ಐದೇ ಹಣ್ಣು: ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡ್ಯೂರಿಯನ್. ಹಾಗಾಗಿ ಕರಿಬೇವಿನ ಕಟ್ಟನ್ನು ಬಟ್ಟೆ ಮಧ್ಯೆ ಸುತ್ತಿ ತರುವ ಸಾಹಸ ಬೇಡ. ತೆಂಗಿನಕಾಯಿಗೆ ಅಡ್ಡಿಯಿಲ್ಲ ಅಂತ ಕೊಬ್ಬರಿ ಬಟ್ಟಲು ತುಂಬಿಕೊಳ್ಳಬೇಡಿ, ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ ಇರುವುದರಿಂದ ಅದು ತಾನಾಗಿ ಬೆಂಕಿ ಹತ್ತಬಹುದಾದ ವಸ್ತುಗಳ ಪಟ್ಟಿಯಲ್ಲಿದೆ, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ದುಬೈ ದಾರಿಯಲ್ಲಿ ಬರುವವರು ಗಸಗಸೆಯನ್ನೂ ಮನೆಯಲ್ಲೇ ಬಿಡಿ. ಅಲ್ಲಿ ಅದಕ್ಕೆ ನಿಷೇಧ ಇದೆ. ತಮಾಷೆ ನೋಡಿ, ಜರ್ಮನಿಯಲ್ಲಿ ಅದೇ ಗಸಗಸೆಯನ್ನು ಮೋನ್ ಅನ್ನುತ್ತಾರೆ, ಬೇಕರಿಯಲ್ಲಿ ಕೇಕಿನೊಳಗೆ ಗಟ್ಟಿಯಾಗಿ ತುಂಬಿ ಮಾರುತ್ತಾರೆ.

ಪಾತ್ರೆಗಳಲ್ಲಿ ಮೂರು ಲೀಟರಿನ ಸ್ಟೀಲ್ ಕುಕ್ಕರ್, ಒಂದು ಹೆಚ್ಚುವರಿ ಗ್ಯಾಸ್ಕೆಟ್, ಒಗ್ಗರಣೆ ಸೌಟು ಸಾಕು. ಅಲ್ಯೂಮಿನಿಯಂ ಕುಕ್ಕರ್ ಬೇಡ. ನಿಮಗೆ ಸಿಗುವ ಮನೆಯಲ್ಲಿ ಇಂಡಕ್ಷನ್ ಇದ್ದರೆ ಅದು ಕೆಲಸಕ್ಕೆ ಬಾರದು. ಫ್ರಿಜ್ಜಿನ ಮೇಲೆ ಅಂಟಿಸುವ ಮ್ಯಾಗ್ನೆಟ್ ಪಾತ್ರೆಯ ತಳಕ್ಕೆ ಕಚ್ಚಿಕೊಂಡರೆ ಇಂಡಕ್ಷನ್‌ಗೆ ಆಗುತ್ತೆ, ಜಾರಿ ಬಿದ್ದರೆ ಆಗಲ್ಲ. ಮಿಕ್ಸಿ ತರಬಹುದು. ಕರೆಂಟು ಇಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮಲ್ಲಿ ಇರುವ ಹಾಗೆಯೇ. ಪ್ಲಗ್ ಮಾತ್ರ ಬೇರೆ. ಅರ್ತಿಂಗ್ ಇರುವ ಗಟ್ಟಿ ಅಡಾಪ್ಟರ್ ಕೊಳ್ಳಿ. ಫೋನ್ ಚಾರ್ಜ್ ಮಾಡುವ ತೆಳು ಅಡಾಪ್ಟರಿಗೆ ಮಿಕ್ಸಿ ಹಾಕಬೇಡಿ.

ಬಂದ ಮೊದಲ ಭಾನುವಾರ

ನೀವು ಶನಿವಾರ ರಾತ್ರಿ ಇಳಿದರೆ ಭಾನುವಾರ ಉಪವಾಸ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಬ್ಬದ ರಜೆಗಳಲ್ಲೂ ಅಷ್ಟೇ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಂತೂ ವಾರದ ದಿನಗಳಲ್ಲೂ ರಾತ್ರಿ 8ಕ್ಕೆ ಸೂಪರ್ ಮಾರ್ಕೆಟ್ ಬಾಗಿಲು ಹಾಕುತ್ತೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ, ಬೆಲೆ ಸ್ವಲ್ಪ ಜಾಸ್ತಿ. ಆದ್ದರಿಂದ ಮೊದಲ ಎರಡು ದಿನಕ್ಕೆ ಚಪಾತಿ, ಚಟ್ನಿ ಪುಡಿ, ಗೊಜ್ಜವಲಕ್ಕಿಯ ಪ್ಯಾಕೆಟ್ ಕೈಚೀಲದಲ್ಲೇ ಇರಲಿ.

ನೀರು ಕೊಳ್ಳಬೇಡಿ. ನಲ್ಲಿ ನೀರು ಕುಡಿಯಬಹುದು. ಕೊಳ್ಳಲೇಬೇಕಾದರೆ ಬಾಟಲಿಯ ಮೇಲೆ ಷ್ಟಿಲ್ ಅಂತ ಇರಬೇಕು, ಇಲ್ಲದಿದ್ದರೆ ಸೋಡಾ ಬರುತ್ತೆ. ಆರು ಬಾಟಲಿ ಸೋಡಾ ಮೂರನೇ ಮಹಡಿಗೆ ಹೊತ್ತು ತಂದು, ಅದರಲ್ಲೇ ಅನ್ನಕ್ಕಿಟ್ಟವರು ನನ್ನ ಪಕ್ಕದ ಕೋಣೆಯಲ್ಲಿದ್ದರು. ಅನ್ನವೇನೋ ಆಯಿತು. ಖಾಲಿ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಹೆಚ್ಚಿನವಕ್ಕೆ ತಲಾ 25 ಸೆಂಟ್ ಠೇವಣಿ ಕಟ್ಟಿರುತ್ತೀರಿ, ಅಂಗಡಿಯ ಮಿಷನ್ನಿಗೆ ಹಾಕಿದರೆ ಚೀಟಿ ಬರುತ್ತೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ.

ಕಪಾಟಿನ ಮುಂದೆ

ಅಕ್ಕಿಯಿಂದ ಶುರು ಮಾಡೋಣ. ಬಾಸ್ಮತಿ ಎಲ್ಲೆಲ್ಲೂ ಇದೆ, ಆದರೆ ಸಾರನ್ನಕ್ಕೆ ಬಾಸ್ಮತಿ ನನಗೆ ಹಿಡಿಸಲ್ಲ, ಕೈಗೆ ಕೂಡಿ ಬರುವುದೇ ಇಲ್ಲ. ಮಿಲ್ಷ್‌ರೈಸ್ ಅಂತ ಒಂದು ಅಕ್ಕಿ ಇದೆ. ಜರ್ಮನರು ಅದನ್ನು ಹಾಲು, ಸಕ್ಕರೆಯಲ್ಲಿ ಬೇಯಿಸಿ ಪಾಯಸದ ಹಾಗೆ ತಿನ್ನುತ್ತಾರೆ. ಗುಂಡು ಅಕ್ಕಿ, ಬೆಂದರೆ ಮೆತ್ತಗೆ ಕೂಡಿಕೊಳ್ಳುತ್ತೆ. ಮೊಸರನ್ನ, ಪೊಂಗಲ್, ಬಿಸಿಬೇಳೆ ಭಾತಿಗೆ ಇದಕ್ಕಿಂತ ಒಳ್ಳೆಯದು ಇಲ್ಲಿ ಬೇಕಿಲ್ಲ. ಚಿತ್ರಾನ್ನಕ್ಕೆ ಮಾತ್ರ ಬೇಡ, ಮುದ್ದೆಯಾಗುತ್ತೆ.

ಬೇಳೆಗೆ ರೋಟೆ ಲಿನ್ಸನ್. ಅದು ನಮ್ಮ ಮಸೂರ್ ಬೇಳೆ, ಕಿತ್ತಳೆ ಬಣ್ಣ. ಕುಕ್ಕರ್ ಬೇಡ, ಒಂದಕ್ಕೆ ಮೂರು ನೀರು ಹಾಕಿದರೆ ಹದಿನೈದು ನಿಮಿಷದಲ್ಲಿ ಕರಗಿ ಹೋಗುತ್ತೆ, ಮೇಲೆ ಬರುವ ನೊರೆ ಮಾತ್ರ ತೆಗೆಯಬೇಕು. ಸಾರಿಗೆ ಇದು ಸಾಕು. ಹುಳಿಗೆ ತೊಗರಿಬೇಳೆಯೇ ಆಗಬೇಕು, ಆ ವಿಷಯದಲ್ಲಿ ನಾನು ರಾಜಿ ಆಗಿಲ್ಲ. ಶೇಲ್‌ಎರ್ಬ್ಸನ್ ಅನ್ನುವ ಹಳದಿ ಬೇಳೆ ದೂರದಿಂದ ಕಡಲೆಬೇಳೆಯ ಹಾಗೆ ಕಾಣುತ್ತೆ, ಮೋಸ ಹೋಗಬೇಡಿ, ಅದು ಬಟಾಣಿ ಬೇಳೆ. ಒಗ್ಗರಣೆಗೆ ಹಾಕಿದರೆ ಹಲ್ಲಿಗೆ ಕಲ್ಲಿನ ಹಾಗೆ ಸಿಗುತ್ತೆ. ಕಾಬೂಲ್ ಕಡಲೆ ಕಿಷರ್‌ಎರ್ಬ್ಸನ್. ಮ್ಯೂನಿಕ್ ನೀರು ಗಡಸು, ಕಾಳು ಬೇಗ ಬೇಯಲ್ಲ. ನೆನೆಸುವಾಗ ಚಿಟಿಕೆ ನಾಟ್ರೋನ್ ಹಾಕಿ, ಅದೇ ನಮ್ಮ ಅಡುಗೆ ಸೋಡಾ, ಕೇಕಿನ ಸಾಮಾನಿನ ಸಾಲಿನಲ್ಲಿರುತ್ತೆ. ಪಕ್ಕದಲ್ಲಿರುವ ಬಾಕ್‌ಪುಲ್ವರ್ ಬೇಕಿಂಗ್ ಪೌಡರ್, ಅದಲ್ಲ.

ರವೆಗೆ ಗ್ರೀಸ್ ಅನ್ನುತ್ತಾರೆ, ಇದರಲ್ಲಿ ಎರಡು ಇದೆ. ವೈಷ್‌ವೈಟ್ಸನ್‌ಗ್ರೀಸ್ ಮೆತ್ತನೆ ಗೋಧಿಯದು, ಉಪ್ಪಿಟ್ಟು ಮಾಡಿದರೆ ಅಂಟು. ಹಾರ್ಟ್‌ವೈಟ್ಸನ್‌ಗ್ರೀಸ್ ತನ್ನಿ, ಸ್ವಲ್ಪ ಹಳದಿ ಛಾಯೆ ಇರುತ್ತೆ. ಅದೂ ನಮ್ಮ ಉಪ್ಪಿಟ್ಟು ರವೆಗಿಂತ ಸಣ್ಣ. ಹಾಗಾಗಿ ಎಣ್ಣೆ ಇಲ್ಲದೆ, ಘಮ ಬರುವವರೆಗೆ, ಅಂದರೆ ಏಳೆಂಟು ನಿಮಿಷ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಒಂದು ಲೋಟಕ್ಕೆ ಎರಡೂಕಾಲು ಲೋಟ ನೀರು. ನೀರು ಕೊತಕೊತ ಕುದಿಯುವಾಗ ಒಂದು ಕೈಯಲ್ಲಿ ರವೆ ಸುರಿಯುತ್ತಾ ಇನ್ನೊಂದರಲ್ಲಿ ತಿರುವಿ, ಮುಚ್ಚಳ ಮುಚ್ಚಿ ಸ್ಟವ್ ಆರಿಸಿಬಿಡಿ. ಉಳಿದಿದ್ದನ್ನು ಎಲೆಕ್ಟ್ರಿಕ್ ಸ್ಟವ್ ಪ್ಲೇಟಿನ ಶಾಖವೇ ನೋಡಿಕೊಳ್ಳುತ್ತೆ.

ಗೋಧಿ ಹಿಟ್ಟಿನ ಪ್ಯಾಕೆಟ್ ಮೇಲೆ 405, 550, 1050 ಅಂತ ನಂಬರ್ ಇರುತ್ತೆ. ನೂರು ಗ್ರಾಂ ಹಿಟ್ಟು ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತೆ ಅನ್ನುವ ಲೆಕ್ಕ ಅದು. ನಂಬರ್ ಹೆಚ್ಚಾದಷ್ಟೂ ತವುಡು ಹೆಚ್ಚು. 405 ಅಂದರೆ ಮೈದಾ ಅಂದುಕೊಳ್ಳಿ. ಚಪಾತಿಗೆ 1050 ಅರ್ಧ, ಫೋಲ್‌ಕೋರ್ನ್ ಅನ್ನುವ ಇಡೀ ಗೋಧಿ ಹಿಟ್ಟು ಅರ್ಧ ಕಲಸಿ. ಲಟ್ಟಣಿಗೆ ಇಲ್ಲದಿದ್ದರೆ ಖಾಲಿ ಗಾಜಿನ ಬಾಟಲಿ ಸಾಕು.

ತರಕಾರಿಯಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ಕೋಲ್‌ರಾಬಿ. ನವಿಲುಕೋಸು ಕಣ್ರೀ! ಊರಲ್ಲಿ ಮೂಗು ಮುರಿಯುತ್ತಿದ್ದವನು ಇಲ್ಲಿ ವಾರಕ್ಕೆರಡು ಸಲ ತಿನ್ನುತ್ತೇನೆ. ಎಳೆಯದು ಸಿಕ್ಕರೆ ಎಲೆಯನ್ನೂ ಪಲ್ಯಕ್ಕೆ ಹಾಕಬಹುದು, ಎಷ್ಟೋ ಜನ ಅದನ್ನು ಅಂಗಡಿಯಲ್ಲೇ ಕಿತ್ತು ಬಿಟ್ಟು ಹೋಗುತ್ತಾರೆ. ಮೂಲಂಗಿ ರೆಟ್ಟಿಷ್, ಕೋಸು ವೈಸ್‌ಕೋಲ್. ಸಾಂಬಾರ್ ಈರುಳ್ಳಿ ಇಲ್ಲ, ಷಾಲೊಟ್ಟನ್ ಅನ್ನುವ ಸಣ್ಣ ಈರುಳ್ಳಿ ಹತ್ತಿರ ಬರುತ್ತೆ. ಮಸ್ಸೊಪ್ಪಿಗೆ ಮಾಂಗೋಲ್ಡ್ ಅನ್ನುವ ಸೊಪ್ಪು ಮತ್ತು ಪಾಲಕ್ ಸೇರಿಸಿ. ಫ್ರೀಜರಿನ ಪಾಲಕ್ ಕೊಳ್ಳುವಾಗ ಬ್ಲಾಟ್‌ಷ್ಪಿನಾಟ್ ಅಂತ ನೋಡಿ, ರಾಮ್‌ಷ್ಪಿನಾಟ್ ಆದರೆ ಕ್ರೀಮ್ ಸೇರಿರುತ್ತೆ. ಶರತ್ಕಾಲದಲ್ಲಿ ಬರುವ ಹೊಕ್ಕೈಡೋ ಕುಂಬಳದ ಸಿಪ್ಪೆ ತೆಗೆಯುವ ಕಷ್ಟವೂ ಇಲ್ಲ, ಸಿಪ್ಪೆ ಸಮೇತ ಬೇಯುತ್ತೆ.

ಮೊಸರು, ಮಜ್ಜಿಗೆ, ತುಪ್ಪ

ಮೊದಲ ವಾರ ನಾನು ಕ್ವಾರ್ಕ್ ತಂದು ಅನ್ನಕ್ಕೆ ಕಲಸಿದೆ. ನೋಡಲು ಗಟ್ಟಿ ಮೊಸರೇ. ಬಾಯಿಗಿಟ್ಟರೆ ಹಿಂಡಿದ ಪನೀರಿನ ಹಿಟ್ಟು. ನಿಮಗೆ ಬೇಕಾದ್ದು ನಾಟೂರ್‌ಯೋಗುರ್ಟ್, ಕೊಬ್ಬು 3.5 ಅಥವಾ 3.8 ಇರುವುದು. ಮಿಲ್ಡ್ ಅಂತ ಬರೆದಿದ್ದರೆ ಹುಳಿ ಕಡಿಮೆ. ಇದರದ್ದೇ ಒಂದು ಚಮಚ ಹೆಪ್ಪು ಹಾಕಿ ಮನೆಯಲ್ಲೂ ಮೊಸರು ಮಾಡಬಹುದು, ಹಾಲು ಬೆರಳಿಗೆ ಬಿಸಿ ತಾಕುವಷ್ಟು ಇರಬೇಕು, ಪಾತ್ರೆಗೆ ಟವೆಲ್ ಸುತ್ತಿ ಹೀಟರ್ ಪಕ್ಕ ಇಡಬೇಕು. ನಿಜ ಹೇಳಬೇಕೆಂದರೆ ನಾನು ಎರಡು ಸಲ ಮಾಡಿ ಬಿಟ್ಟೆ. ಡಬ್ಬಿ ಮೊಸರು ಚೆನ್ನಾಗಿಯೇ ಇದೆ.

ಬುಟ್ಟರ್‌ಮಿಲ್ಷ್ ಮಾತ್ರ ಬಿಡಬೇಡಿ. ಅದು ಹುಳಿ ಮಜ್ಜಿಗೆ. ಮೇಲೆ ರೈನೆ ಬುಟ್ಟರ್‌ಮಿಲ್ಷ್ ಅಂತ ಇದ್ದರೆ ಇನ್ನೂ ಒಳ್ಳೆಯದು, ಹಣ್ಣಿನ ರುಚಿ ಬೆರೆಸಿದ್ದು ಬೇಡ. ಮಜ್ಜಿಗೆ ಹುಳಿಗೆ, ತಂಬುಳಿಗೆ, ರವೆ ಇಡ್ಲಿಗೆ ಒಂದು ಡಬ್ಬಿ ಯಾವಾಗಲೂ ಫ್ರಿಜ್ಜಿನಲ್ಲಿರಲಿ.

ತುಪ್ಪಕ್ಕೆ ಬುಟ್ಟರ್‌ಶ್ಮಾಲ್ಟ್ಸ್ ಅನ್ನುತ್ತಾರೆ, ಬೆಣ್ಣೆಯ ಪಕ್ಕದಲ್ಲೇ ಇರುತ್ತೆ. ಹುಷಾರು, ಬರೀ ಶ್ಮಾಲ್ಟ್ಸ್ ಅಂತ ಇದ್ದರೆ ಅದು ಹಂದಿ ಕೊಬ್ಬು. ಡಬ್ಬಿ ನೋಡಲು ಒಂದೇ ತರಹ ಇರಬಹುದು. ಘಮ ಬೇಕೆನ್ನುವವರು 250 ಗ್ರಾಂ ಉಪ್ಪಿಲ್ಲದ ಬೆಣ್ಣೆ ತಂದು ಕಾಯಿಸಿ, ಇಪ್ಪತ್ತು ನಿಮಿಷದ ಕೆಲಸ.

ಸಸ್ಯಾಹಾರಿಗಳಿಗೆ ಇಂಥ ಪದಗಳು ಇನ್ನೂ ಕೆಲವು ಇವೆ. ಷ್ಪೆಕ್ ಅಂದರೆ ಹಂದಿ ಮಾಂಸದ ಚೂರು, ಆಲೂಗಡ್ಡೆ ಸಲಾಡಿನಲ್ಲೂ ಕೂತಿರುತ್ತೆ. ಲಿನ್ಸನ್‌ಸುಪ್ಪೆ ಬೇಳೆ ಸಾರೇ ಆದರೂ ಸಾಸೇಜ್ ಮುಳುಗಿರಬಹುದು. ಗೆಲಾಟೀನೆ ಪ್ರಾಣಿಯದು, ಸಿಹಿ ತಿಂಡಿಗಳಲ್ಲಿ ಸಿಗುತ್ತೆ. ಚೀಸಿನ ಮೇಲೆ ಮಿಕ್ರೋಬಿಯೆಲ್ಲೆಸ್ ಲಾಬ್ ಅಂತ ಇದ್ದರೆ ತಿನ್ನಬಹುದು, ಹಾಲು ಒಡೆಸಲು ಹಾಕಿದ್ದು ಪ್ರಾಣಿಯದಲ್ಲ ಅಂತ ಅರ್ಥ. ಅನುಮಾನ ಬಂದರೆ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ತಿಂಗಳಿಗೊಮ್ಮೆಯ ಅಂಗಡಿ

ತೊಗರಿ, ಉದ್ದು, ಹುಣಸೆ, ಬೆಲ್ಲ, ಕರಿಬೇವು, ಹಿಂಗು. ಇವಕ್ಕೆ ಭಾರತೀಯ ಅಥವಾ ಶ್ರೀಲಂಕಾ ತಮಿಳರ ಅಂಗಡಿಗೆ ಹೋಗಬೇಕು. ತುರಿದ ತೆಂಗಿನಕಾಯಿ ಅಲ್ಲಿ ಫ್ರೀಜರಿನಲ್ಲಿರುತ್ತೆ, ಸೂಪರ್ ಮಾರ್ಕೆಟ್ಟಿನ ಒಣ ಕೋಕೋಸ್‌ರಾಸ್ಪೆಲ್‌ಗಿಂತ ಎಷ್ಟೋ ವಾಸಿ. ಕರಿಬೇವು ಒಂದೇ ಸಲ ಜಾಸ್ತಿ ತಂದು, ತೊಳೆದು, ಪೂರ್ತಿ ಆರಿಸಿ ಫ್ರೀಜರಿಗೆ ಹಾಕಿ. ರಾಗಿ ಹಿಟ್ಟು ಕೇಳಿದರೆ ಕೆಲವೊಮ್ಮೆ ಇಲ್ಲ ಅನ್ನುತ್ತಾರೆ, ನೀವೇ ಕಪಾಟು ನೋಡಿ, ಕುರಕ್ಕನ್ ಅಂತ ಬರೆದಿರುತ್ತೆ, ಅದೇ ರಾಗಿ. ಜರ್ಮನ್ ಅಂಗಡಿಯ ಹಿರ್ಸೆ ಸಿರಿಧಾನ್ಯವೇ, ಆದರೆ ರಾಗಿ ಅಲ್ಲ, ಅದರಲ್ಲಿ ಮುದ್ದೆ ಕಟ್ಟಲು ಹೋಗಿ ಸಂಜೆ ಹಾಳು ಮಾಡಿಕೊಳ್ಳಬೇಡಿ.

ಕೊತ್ತಂಬರಿ, ಪುದೀನ, ಹಸಿ ಮೆಣಸಿನಕಾಯಿಗೆ ಟರ್ಕಿಯವರ ಅಂಗಡಿ. ದೊಡ್ಡ ಕಟ್ಟು ಕೊಡುತ್ತಾರೆ. ಮ್ಯೂನಿಕ್‌ನಲ್ಲಿ ಮುಖ್ಯ ರೈಲು ನಿಲ್ದಾಣದ ದಕ್ಷಿಣಕ್ಕೆ ಗೋಯ್ಟೆಷ್ಟ್ರಾಸೆ, ಲಾಂಡ್‌ವೇರ್‌ಷ್ಟ್ರಾಸೆ ಸುತ್ತ ಒಂದು ಸುತ್ತು ಹಾಕಿದರೆ ಇಂಥವು ಸಾಲಾಗಿ ಸಿಗುತ್ತವೆ.

ಒಗ್ಗರಣೆ ಮತ್ತು ಅಲಾರಂ

ಜರ್ಮನಿಯ 16 ರಾಜ್ಯಗಳಲ್ಲೂ ಮಲಗುವ ಕೋಣೆಯಲ್ಲಿ ಹೊಗೆ ಅಲಾರಂ ಕಡ್ಡಾಯ. ವಿದ್ಯಾರ್ಥಿಗಳ ಕೋಣೆಯಲ್ಲಿ ಮಂಚ, ಸ್ಟವ್ ಎರಡೂ ಒಂದೇ ಕಡೆ ಇರುತ್ತವಲ್ಲ, ಅಲಾರಂ ನಿಮ್ಮ ಬಾಣಲೆಗೆ ನಾಲ್ಕು ಹೆಜ್ಜೆ ದೂರದಲ್ಲೇ ಇರುತ್ತೆ. ನನ್ನದು ಎರಡನೇ ವಾರವೇ ಕೂಗಿತು, ಒಣಮೆಣಸಿನಕಾಯಿ ಕರಿದಿದ್ದಕ್ಕೆ. ಬಾಗಿಲು ತೆಗೆದೆ, ಘಾಟು ಕಾರಿಡಾರಿಗೂ ಹೋಯಿತು, ಆರು ಜನ ಕೆಮ್ಮುತ್ತಾ ಹೊರಗೆ ಬಂದರು. ತೆಗೆಯಬೇಕಾಗಿದ್ದು ಕಿಟಕಿ, ಬಾಗಿಲಲ್ಲ. ಕಟ್ಟಡದ ಅಲಾರಂ ನೇರ ಅಗ್ನಿಶಾಮಕಕ್ಕೆ ಸೇರಿದ್ದರೆ ಅವರು ಬಂದು ಹೋದ ಖರ್ಚು ನಿಮ್ಮ ತಲೆ ಮೇಲೆ ಬರಬಹುದು.

ಗಾಜಿನ ಎಲೆಕ್ಟ್ರಿಕ್ ಸ್ಟವ್ ಆರಿಸಿದ ಮೇಲೂ ಐದು ನಿಮಿಷ ಬಿಸಿ ಇರುತ್ತೆ. ಗ್ಯಾಸಿನ ಅಭ್ಯಾಸದಲ್ಲಿ ಸಾಸಿವೆ ಸಿಡಿದ ತಕ್ಷಣ ಸ್ವಿಚ್ ತಿರುಗಿಸಿ ನಿಂತರೆ ಒಗ್ಗರಣೆ ಕಪ್ಪಾಗುತ್ತೆ. ಹೀಗೆ ಮಾಡಿ: ಎಣ್ಣೆ ಕಾಯಲಿ, ಸಾಸಿವೆ ಹಾಕಿ, ನಾಲ್ಕು ಕಾಳು ಸಿಡಿದ ಕೂಡಲೇ ಸೌಟನ್ನೇ ಪ್ಲೇಟಿನಿಂದ ಎತ್ತಿ. ಉಳಿದ ಸಾಸಿವೆ ಎಣ್ಣೆಯ ಬಿಸಿಗೇ ಸಿಡಿಯುತ್ತೆ. ಗಾಳಿಯಲ್ಲಿ ಹಿಡಿದುಕೊಂಡೇ ಮೆಣಸಿನಕಾಯಿ, ಕರಿಬೇವು, ಕೊನೆಗೆ ಹಿಂಗು. ಹೊಗೆಯೇ ಏಳಲ್ಲ.

ಹಿಂಗಿಗೆ ಜರ್ಮನ್‌ನಲ್ಲಿ ಟಾಯ್‌ಫೆಲ್ಸ್‌ಡ್ರೆಕ್ ಅಂತ ಹೆಸರಿದೆ, ಅಂದರೆ ದೆವ್ವದ ಹೊಲಸು. ಅಡುಗೆಮನೆ ಹಂಚಿಕೊಳ್ಳುವವರು ಅದನ್ನು ಗಾಜಿನ ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇಟ್ಟು ಮುಚ್ಚಿಡಿ. ಕುಕ್ಕರ್ ವಿಷಲ್ ಬಗ್ಗೆಯೂ ಜೊತೆಗಿರುವವರಿಗೆ ಮೊದಲೇ ಹೇಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡಬಾರದು ಅನ್ನುವುದು ಇಲ್ಲಿನ ಪದ್ಧತಿ, ಆ ಹೊತ್ತಲ್ಲಿ ಮಿಕ್ಸಿ ಬೇಡ. ದೋಸೆ ಹಿಟ್ಟು ಶನಿವಾರ ಹಗಲಲ್ಲೇ ರುಬ್ಬಿಕೊಳ್ಳಿ.

ಊಟದ ಹೊತ್ತು

ಸಾಮಾನಿಗಿಂತ ಹೊತ್ತು ಹೊಂದಿಸುವುದೇ ಕಷ್ಟ ಅನ್ನಿಸಿತು ನನಗೆ. ಇಲ್ಲಿ ಬಿಸಿ ಊಟ ಮಧ್ಯಾಹ್ನ. ರಾತ್ರಿಗೆ ಬ್ರೆಡ್ಡು, ಚೀಸು, ಸೌತೆಕಾಯಿ, ಅದಕ್ಕೆ ಆಬೆಂಡ್‌ಬ್ರೋಟ್ ಅಂತ ಹೆಸರು, ಸಂಜೆಯ ಬ್ರೆಡ್ಡು ಅಂತಲೇ ಅರ್ಥ. ನಾನು ಮಧ್ಯಾಹ್ನ ಸ್ಯಾಂಡ್‌ವಿಚ್ ತಿಂದು, ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾದ ಮೇಲೆ ಹಸಿವಲ್ಲಿ ಕೋಣೆಗೆ ಬಂದು, ಏಳಕ್ಕೆ ಅಡುಗೆ ಶುರು ಮಾಡಿ, ಒಂಬತ್ತಕ್ಕೆ ತಿಂದು, ಪಾತ್ರೆ ಹಾಗೇ ಬಿಟ್ಟು ಮಲಗುತ್ತಿದ್ದೆ. ಅಮ್ಮ ಫೋನ್ ಮಾಡಿ ಊಟ ಆಯ್ತಾ ಅಂದರೆ ಆಯ್ತು ಅನ್ನುವುದು, ಆಗಿರುತ್ತಿದ್ದುದು ಬಿಸ್ಕತ್ತು.

ಸರಿಹೋಗಿದ್ದು ಮಧ್ಯಾಹ್ನದ ಊಟವನ್ನು ಮೆನ್ಸಾಗೆ ಒಪ್ಪಿಸಿದ ಮೇಲೆ. ಮೆನ್ಸಾ ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನು, ವಿದ್ಯಾರ್ಥಿ ಕಾರ್ಡ್ ಇದ್ದರೆ ಬೆಲೆ ಕಡಿಮೆ, ಸಸ್ಯಾಹಾರ ಇದ್ದೇ ಇರುತ್ತೆ. ಖಾರ ಇರಲ್ಲ. ಚಟ್ನಿ ಪುಡಿಯ ಪುಟ್ಟ ಡಬ್ಬಿ ಬ್ಯಾಗಿನಲ್ಲಿರಲಿ, ಬೇಯಿಸಿದ ಆಲೂಗಡ್ಡೆಗೆ ಉದುರಿಸಿಕೊಂಡರೆ ಊಟವಾಗುತ್ತೆ. ಕೆಲವು ದಿನ ಸಿಹಿಯೇ ಊಟ, ಗಸಗಸೆ ಸಕ್ಕರೆ ಉದುರಿಸಿದ ಗೆರ್ಮ್‌ಕ್ನೋಡೆಲ್ ಅನ್ನುವ ದೊಡ್ಡ ಹಬೆ ಬನ್ನು ತಟ್ಟೆ ತುಂಬ ಬರುತ್ತೆ. ಮೊದಲ ಸಲ ಇದು ಊಟದ ಜೊತೆಯದ್ದು ಅಂದುಕೊಂಡು ಊಟಕ್ಕೆ ಕಾಯುತ್ತಾ ಕೂತಿದ್ದೆ.

ರಾತ್ರಿಗೆ ಮೂರೇ ಅಡುಗೆ ಇಟ್ಟುಕೊಳ್ಳಿ, ಇಪ್ಪತ್ತೈದು ನಿಮಿಷ ಮೀರದ್ದು. ನನ್ನವು ರೋಟೆ ಲಿನ್ಸನ್ ಸಾರು ಅನ್ನ, ಉಪ್ಪಿಟ್ಟು, ಮಿಲ್ಷ್‌ರೈಸ್ ಮೊಸರನ್ನ. ಭಾನುವಾರ ಎರಡು ಪಟ್ಟು ಹುಳಿ ಮಾಡಿ ಅರ್ಧವನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿ. ಆಲೂಗಡ್ಡೆ ಇರುವ ಹುಳಿ ಬೇಡ, ಕರಗಿಸಿದಾಗ ಮರಳಿನ ಹಾಗಾಗುತ್ತೆ.

ಇಡ್ಲಿ ಹಿಟ್ಟು ಚಳಿಯಲ್ಲಿ ಉಬ್ಬಲ್ಲ ಅಂತ ಎಲ್ಲರೂ ದೂರುತ್ತಾರೆ. ಉದ್ದಿನ ಜೊತೆ ಅರ್ಧ ಚಮಚ ಮೆಂತ್ಯ ನೆನೆಸಿ, ರುಬ್ಬಲು ಉಗುರು ಬೆಚ್ಚಗಿನ ನೀರು ಬಳಸಿ, ಪಾತ್ರೆಯನ್ನು ಅವನ್ ಒಳಗಿಟ್ಟು ಬರೀ ಲೈಟ್ ಹಾಕಿ ಬಿಡಿ. ಅವನ್ ಆನ್ ಮಾಡಬಾರದು. ಹನ್ನೆರಡರಿಂದ ಹದಿನಾಲ್ಕು ಗಂಟೆ ಬೇಕು. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಮತ್ತೆ ಅವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಬಿಟ್ಟೆ ನಿಷ್ಟ್ ಐನ್‌ಶಾಲ್ಟನ್ ಅಂತ, ದಯವಿಟ್ಟು ಆನ್ ಮಾಡಬೇಡಿ ಅಂತ ಅರ್ಥ. ನಾನು ಚೀಟಿ ಅಂಟಿಸದ ರಾತ್ರಿ ಜೊತೆಗಿದ್ದವಳು ಪಿಜ್ಜಾಗೆ ಅವನ್ನನ್ನು 220ಕ್ಕೆ ಬಿಸಿ ಮಾಡಿದಳು. ಪ್ಲಾಸ್ಟಿಕ್ ಮುಚ್ಚಳ ಕರಗಿ ಹಿಟ್ಟಿನೊಳಗೆ ಇಳಿದಿತ್ತು, ಹಿಟ್ಟು ಸುತ್ತಲೂ ಉಬ್ಬಿ ಒಂದು ದೊಡ್ಡ ಕಂದು ಇಡ್ಲಿಯಾಗಿತ್ತು. ಇಬ್ಬರೂ ಪಿಜ್ಜಾ ತಿಂದೆವು.